ಏಣಿ ಸಿನಿಮಾ ಮತ್ತು ನನ್ನ ಮಲಯಾಳಂ

ನನಗೆ ಮಲಯಾಳಂ ಬರುತ್ತದೆ ಎಂಬ ಸಂಗತಿ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಮಲಯಾಳಿಗಳಿಗೆ ಮಾತ್ರ ಗೊತ್ತಿಲ್ಲ!

ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ಮಂಡಿ. ನನಗೆ ಮೀಸೆ ಚಿಗುರುತ್ತಿದ್ದ ಕಾಲದಲ್ಲಿ ಕೇರಳದ ಲಾರಿಗಳು ಬಂದು ನಮ್ಮ ಅಂಗಡಿಯ ಮುಂದೆ ನಿಲ್ಲುತ್ತಿದ್ದವು. ಡ್ರೈವರುಗಳ ಜೊತೆ ಟೀ ಕುಡಿಯುತ್ತಾ ಕುಡಿಯುತ್ತಾ ನಾನು ಒಂದರಿಂದ ಹತ್ತರವರೆಗೆ ಎಣಿಸಲು ಕಲಿತೆ. ತೆಂಗಿನಕಾಯಿ, ಮಳೆ, ಹಗ್ಗ, ‘ನಾಳೆ ಬಾ’, ಇವನ್ನೂ ಕಲಿತೆ. ಎರಡು ಬೈಗುಳವೂ ಬಂದವು. ಅವು ಯಾವ ಮಟ್ಟದ ಬೈಗುಳ ಎಂದು ತಿಳಿಯದ ಕಾರಣ ಇವತ್ತಿನವರೆಗೂ ಬಳಸುವ ಧೈರ್ಯ ಮಾಡಿಲ್ಲ. ನನ್ನ ಭಾಷಾ ಪಾಂಡಿತ್ಯ ಅಲ್ಲಿಗೆ ಸಂಪೂರ್ಣವಾಯಿತು.

ಹೆಣ್ಣು ನೋಡಲು ಚಿಕ್ಕನಾಯಕನಹಳ್ಳಿಗೆ ಹೋದಾಗ ನಮ್ಮ ದೊಡ್ಡಪ್ಪ ಉಪ್ಪಿಟ್ಟು ತಿನ್ನುತ್ತಾ, “ಹುಡುಗನಿಗೆ ಮಲಯಾಳಂ ಅಂದ್ರೆ ನೀರು ಕುಡ್ದಂಗೆ ಕಣಪ್ಪ” ಎಂದುಬಿಟ್ಟರು. ನಾನು ಗಾಬರಿಯಿಂದ ತಲೆ ತಗ್ಗಿಸಿದೆ. ಹೆಣ್ಣಿನ ಕಡೆಯವರು ಅದನ್ನು ವಿನಯ ಎಂದುಕೊಂಡರು. ಮದುವೆ ಗೊತ್ತಾಯಿತು.

ಮದುವೆಯಾಗಿ ಒಂದು ತಿಂಗಳಾದರೂ ಮಂಗಳ ನನ್ನ ಹತ್ತಿರ ಎರಡೇ ಮಾತು ಆಡುತ್ತಿದ್ದಳು. ಒಂದು ‘ಹೂಂ’, ಇನ್ನೊಂದು ‘ಉಹೂಂ’. ಹನ್ನೆರಡು ಜನರಿದ್ದ ಮನೆ. ಪಾಪ, ಆ ಹುಡುಗಿಗೆ ತವರಿನ ನೆನಪು, ಹೊಸ ಜಾಗದ ಭಯ. ನನಗೆ ಅವಳನ್ನು ನಗಿಸಬೇಕು ಎಂಬ ಆಸೆ, ಹೇಗೆ ಎಂದು ಮಾತ್ರ ತಿಳಿಯದು. ಕೊನೆಗೆ ಒಂದು ಭಾನುವಾರ ಬೆಳಗಿನ ಆಟಕ್ಕೆ ಒಳ್ಳೆಯ ಕನ್ನಡ ಸಿನಿಮಾ ತೋರಿಸುತ್ತೇನೆಂದು ಹೊರಡಿಸಿಕೊಂಡು ಹೋದೆ. ಅಲ್ಲಿ ಹೌಸ್‌ಫುಲ್ ಬೋರ್ಡು! ಇನ್ನೊಂದು ಟಾಕೀಸಿನಲ್ಲಿ ಬೇಕಾದಷ್ಟು ಜಾಗವಿತ್ತು. ಏಕೆಂದರೆ ಅಲ್ಲಿ ನಡೆಯುತ್ತಿದ್ದದ್ದು ಮಲಯಾಳಂ ಸಿನಿಮಾ.

ವಾಪಸ್ ಹೋಗೋಣವೆಂದು ನಾನು ತಿರುಗುವಷ್ಟರಲ್ಲಿ ಮಂಗಳ, “ನಿಮಗೆ ಬತ್ತದಲ್ಲ, ನಂಗೆ ಹೇಳ್ಕೊಡಿ, ನೋಡಾನ” ಎಂದಳು. ಒಂದು ತಿಂಗಳಲ್ಲಿ ಅವಳು ಆಡಿದ ಅತ್ಯಂತ ಉದ್ದದ ಮಾತು ಅದು. ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಪರದೆಯ ಮೇಲೆ ಒಬ್ಬ ಸುಣ್ಣ ಬಳಿಯುವ ಹುಡುಗ, ಅವನ ಹೆಗಲ ಮೇಲೆ ಒಂದು ಉದ್ದನೆಯ ಏಣಿ. ಅವನು ತಿರುಗಿದಾಗಲೆಲ್ಲ ಏಣಿ ಯಾರಿಗೋ ಬಡಿಯುತ್ತಿತ್ತು. ಆ ಮನೆಯಲ್ಲಿ ಒಬ್ಬಳು ಚೆಂದದ ಹುಡುಗಿ, ಜೊತೆಗೆ ಕೊಡೆ ಹಿಡಿದ ಒಬ್ಬ ದಪ್ಪ ಮನುಷ್ಯ. ಇಷ್ಟು ಕಂಡದ್ದೇ ತಡ, ನಾನು ಮಂಗಳಾಳ ಕಿವಿಯಲ್ಲಿ ಭಾಷಾಂತರ ಆರಂಭಿಸಿದೆ.

“ದಪ್ಪಗಿರೋನು ಹುಡುಗಿಯ ಸೋದರಮಾವ. ತಾನೇ ಅವಳನ್ನ ಮದುವೆ ಆಗ್ಬೇಕು ಅಂತ ಹಟ ಹಿಡಿದವ್ನೆ.”

ನಮ್ಮ ಕಡೆ ಸೋದರಮಾವ ಎಂದರೆ ಅಷ್ಟೇ ತಾನೆ? ನನಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ಮಂಗಳ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅಯ್ಯೋ, ಆ ಹೊಟ್ಟೆ ಇಟ್ಕಂಡಾ?” ಎಂದು ನಕ್ಕಳು. ನಾನು ಮೊದಲ ಸಲ ಅವಳ ನಗು ಕೇಳಿದ್ದು ಆಗಲೇ. ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಸೋದರಮಾವ ವಿಷ ತಂದ. ಹುಡುಗ ವಿಷದ ಬಾಟಲಿಗೆ ಸುಣ್ಣದ ನೀರು ತುಂಬಿದ. ಅಜ್ಜಿಯೊಬ್ಬಳು ಬಂದಳು, ಅವಳಿಗೆ ಕಿವುಡು ಎಂದೆ. ಆಮೇಲೆ ಅವಳು ಫೋನಿನಲ್ಲಿ ಮಾತಾಡಿದಳು, ಕಿವುಡು ವಾಸಿಯಾಯಿತು ಎಂದೆ!

ಕೊನೆಯ ಹೊತ್ತಿಗೆ ಬಾವಿಕಟ್ಟೆಯ ಹತ್ತಿರ ಒಂದು ದೃಶ್ಯ. ಹುಡುಗ ಬಹಳ ಹೊತ್ತು ಏನೋ ಹೇಳುತ್ತಾನೆ, ಹುಡುಗಿ ಅಳುತ್ತಾಳೆ, ಆಮೇಲೆ ನಗುತ್ತಾಳೆ. ಏನು ಹೇಳಿರಬಹುದು? ನನಗೆ ಗೊತ್ತಿದ್ದ ಲೋಕವೆಲ್ಲ ಕೊಬ್ಬರಿಯದು. ಅದನ್ನೇ ಹೇಳಿದೆ:

“ಕಾಯನ್ನ ಅಟ್ಟಕ್ಕೆ ಹಾಕಿದ ಮೇಲೆ ಹನ್ನೊಂದು ತಿಂಗಳು ಯಾರೂ ಮುಟ್ಟಲ್ಲ. ಒಳಗೆ ತಾನಾಗೇ ಕೊಬ್ಬರಿ ಆಗ್ತದೆ. ನೀನೂ ಅವಸರ ಮಾಡ್ಕಬೇಡ. ನಿಂಗೆ ಯಾವಾಗ ಮಾತಾಡ್ಬೇಕು ಅನ್ಸುತ್ತೋ ಆಗ ಮಾತಾಡು, ನಾನು ಕಾಯ್ತೀನಿ. ಹಂಗಂತವ್ನೆ ಅವ್ನು.”

ಮಂಗಳ ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. “ಕೇರಳದಾಗೂ ಕಾಯಿ ಅಟ್ಟಕ್ಕೆ ಹಾಕ್ತಾರಾ?” ಎಂದಳು. ಹಾಕುತ್ತಾರೆ ಎಂದು ಅಧಿಕಾರವಾಣಿಯಿಂದ ಹೇಳಿದೆ. ಟಾಕೀಸಿನಿಂದ ಮನೆಯವರೆಗೆ ಅವಳು ಒಂದೇ ಸಮನೆ ಮಾತಾಡಿದಳು. ಅವತ್ತು ಶುರುವಾದದ್ದು ಇನ್ನೂ ನಿಂತಿಲ್ಲ, ಅದು ಬೇರೆ ವಿಷಯ. ಆದರೆ ಆ ಭಾನುವಾರದ ದಾರಿ ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಸಿನಿಮಾದ ಹೆಸರು ನಮ್ಮಿಬ್ಬರ ನಾಲಿಗೆಗೂ ತಿರುಗಲಿಲ್ಲ. ‘ಏಣಿ ಸಿನಿಮಾ’ ಎಂದು ನಾವೇ ನಾಮಕರಣ ಮಾಡಿದೆವು. ಮುಂದೆ ಮೂವತ್ತು ವರ್ಷ ಮಂಗಳ ಆ ಕಥೆ ಹೇಳಿದ್ದೇ ಹೇಳಿದ್ದು. ಮಗಳು ಅಶ್ವಿನಿಗೆ ಊಟ ಮಾಡಿಸುವಾಗ ಏಣಿ ಸಿನಿಮಾ. ಕರೆಂಟು ಹೋದರೆ ಏಣಿ ಸಿನಿಮಾ. ಜಗುಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುವಾಗ ಬೀದಿಯ ಹೆಂಗಸರಿಗೆಲ್ಲ ಏಣಿ ಸಿನಿಮಾ. ಯಾವ ಹೊಸ ಚಿತ್ರ ನೋಡಿ ಬಂದರೂ, “ಇದ್ರಲ್ಲಿ ಏನೈತೆ ಮಣ್ಣು, ಏಣಿ ಸಿನಿಮಾ ನೋಡ್ಬೇಕಿತ್ತು ನೀವು” ಎಂದು ತೀರ್ಪು ಕೊಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ಹೀಗಿರುವಾಗ ಹೋದ ತಿಂಗಳು, ತುರುವೇಕೆರೆಯಲ್ಲಿ ಕಾಲೇಜಿನ ಮೇಡಂ ಆಗಿರುವ ನಮ್ಮ ಅಶ್ವಿನಿ ಮನೆಗೆ ಬಂದವಳೇ, “ಅಮ್ಮಾ, ಏಣಿ ಸಿನಿಮಾ ಸಿಕ್ತು!” ಎಂದು ಕೂಗಿದಳು. ಹಳೆಯ ಚಿತ್ರವನ್ನು ತೊಳೆದು, ಬಣ್ಣ ತಿದ್ದಿ, ಮತ್ತೆ ಬಿಟ್ಟಿದ್ದಾರಂತೆ. ಪೋಸ್ಟರಿನಲ್ಲಿದ್ದ ಏಣಿ ನೋಡಿಯೇ ಗುರುತು ಹಿಡಿದಳಂತೆ. ಕೇರಳದಲ್ಲಿ ಈಗಿನ ಹುಡುಗರೂ ಮುಗಿಬಿದ್ದು ನೋಡುತ್ತಿದ್ದಾರಂತೆ. “ಅಷ್ಟೇ ಅಲ್ಲ ಅಪ್ಪ, ಈಗ ಕನ್ನಡದಲ್ಲೂ ಮಾತಾಡ್ಸವ್ರೆ!”

ನಾನು ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟೆ.

“ಭಾನುವಾರ ಮಧ್ಯಾಹ್ನ ದೊಡ್ಡ ಟೀವೀಲಿ ಹಾಕಾನ” ಎಂದಳು ಮಂಗಳ. ಅವಳ ಮುಖ ನೋಡಬೇಕಿತ್ತು, ಇಪ್ಪತ್ತು ವರ್ಷ ಚಿಕ್ಕವಳಾಗಿದ್ದಳು. “ನಮ್ಮ ಬೀದಿ ಭಜನೆ ಹೆಂಗಸ್ರನ್ನೆಲ್ಲ ಕರೀತೀನಿ. ಕಥೆ ಕೇಳಿ ಕೇಳಿ ಸಾಕಾಗೈತೆ ಅವ್ರಿಗೆ, ಕಣ್ಣಲ್ಲಿ ನೋಡ್ಲಿ.”

ಹೆಂಡತಿಯ ಮುಂದೆ ಮರ್ಯಾದೆ ಹೋದರೆ ಹೇಗೋ ಬದುಕಬಹುದು, ಗಂಡಸರಿಗೆ ಅದು ಅಭ್ಯಾಸ. ನನ್ನ ನಿಜವಾದ ಭಯ ಬೇರೆಯಿತ್ತು. ಅವಳ ಬದುಕಿನ ಒಂದು ಚೆಂದದ ಭಾನುವಾರ ಪೂರಾ ಸುಳ್ಳೆಂದು ಅವಳಿಗೆ ತಿಳಿದುಬಿಟ್ಟರೆ? ಅದನ್ನು ತಡೆಯಲೇಬೇಕೆಂದು ನಿರ್ಧರಿಸಿ ಮೂರು ಹಂತದ ಕಾರ್ಯಯೋಜನೆ ಸಿದ್ಧಪಡಿಸಿದೆ.

ಹಂತ ಒಂದು. ನಮ್ಮ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದಿರುವ ಲಿಸಿ ಸಿಸ್ಟರ್ ಎಂಬವರಿದ್ದಾರೆ. ಅಪ್ಪಟ ಮಲಯಾಳಿ. ನನ್ನನ್ನು ಎಲ್ಲಿ ಕಂಡರೂ ನಗುತ್ತಾರೆ. ಒಂದು ಚೀಲ ತೆಂಗಿನಕಾಯಿ ಹೊರಿಸಿಕೊಂಡು ಅವರ ಮನೆಗೆ ಹೋದೆ.

“ಸಿಸ್ಟರ್, ಭಾನುವಾರ ನಮ್ಮನೇಗೆ ನೀವೂ ಬನ್ನಿ. ಕನ್ನಡದಲ್ಲಿ ಮಾತು ಹಾಕಿರೋರು ಕಥೇನೇ ಕೆಡಿಸಿದ್ದಾರೆ, ಮೂಲದಲ್ಲಿ ಹಿಂಗಿಲ್ಲ ಅಂತ ಒಂದ್ ಮಾತು ಹೇಳ್ಬೇಕು.”

“ಅದಕ್ಕೇನಂತೆ ಅಣ್ಣಾ, ಬರುತ್ತೇನೆ” ಎಂದು ಅವರು ಚೀಲವನ್ನು ಒಳಗೆ ಇಡಿಸಿಕೊಂಡರು. ಹೇಳುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಆ ವ್ಯತ್ಯಾಸ ನನಗೆ ಹೊಳೆದದ್ದು ಬಹಳ ತಡವಾಗಿ.

ಹಂತ ಎರಡು. ಭಾನುವಾರ ಬೆಳಿಗ್ಗೆ ರಿಮೋಟಿನ ಸೆಲ್ಲುಗಳನ್ನು ತೆಗೆದು ಅಕ್ಕಿ ಡಬ್ಬದಲ್ಲಿ ಹೂತೆ. ಅಶ್ವಿನಿ ಕ್ಷಣವೂ ಯೋಚಿಸದೆ ಮೊಬೈಲಿನಿಂದಲೇ ಟೀವಿ ಹಾಕಿದಳು! ಮೊಬೈಲಿಗೆ ಅಂಥ ಶಕ್ತಿ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಅನ್ನಕ್ಕೆ ಅಕ್ಕಿ ಅಳೆಯುವಾಗ ಸೆಲ್ಲುಗಳು ಸಿಕ್ಕವು. “ಇಲಿ ಎಳ್ಕಂಡ್ ಬಂದಿರ್ಬೇಕು” ಎಂಬ ನನ್ನ ವಿವರಣೆಯನ್ನು ಮಂಗಳ ಎರಡು ಸಲ ಕೇಳಿಸಿಕೊಂಡಳು.

ಉಳಿದದ್ದು ಹಂತ ಮೂರು. ನಮ್ಮದು ಹಳೆಯ ಮನೆ. ನಡುಮನೆಯ ಮೇಲೆ ಅಡಕೆ ಮರ ಸೀಳಿದ ದಬ್ಬೆಯ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಟೀವಿಗೆ ಬರುವ ನೆಟ್ ವೈರು ಆ ಅಟ್ಟದ ಮೇಲಿಂದಲೇ ಹಾದು ಬರುತ್ತದೆ. ಹೆಂಗಸರೆಲ್ಲ ಬಂದು ಚಾಪೆಯ ಮೇಲೆ ಕುಳಿತು, ಟೀವಿಯಲ್ಲಿ ಹೆಸರುಗಳು ಬರತೊಡಗಿದಾಗ ನಾನು ಹಿಂದಿನಿಂದ ಸದ್ದಿಲ್ಲದೆ ಅಟ್ಟ ಹತ್ತಿದೆ. ಕಾಯಿಗಳ ಮೇಲೆ ಮೊಣಕಾಲೂರಿ ತೆವಳಿದೆ. ಕತ್ತಲಲ್ಲಿ ವೈರು ಸಿಕ್ಕಿತು. ಶಿವಾ ಎಂದು ಬಲವಾಗಿ ಎಳೆದೆ.

ವೈರು ಬಂತು. ನಾನೂ ಹಿಂದಕ್ಕೆ ಬಂದೆ. ಅಡಿಯ ದಬ್ಬೆ ಲಟ್ಟೆಂದು ಮುರಿದು ನನ್ನ ಬಲಗಾಲು ತೊಡೆಯವರೆಗೆ ಕೆಳಗಿಳಿಯಿತು. ಕಾಲಿನ ಹಿಂದೆಯೇ ಕಾಯಿಗಳು ದಬದಬನೆ ನಡುಮನೆಗೆ ಸುರಿದವು!

“ಅಯ್ಯಯ್ಯಪ್ಪ, ಮೇಲೆ ಯಾರೋ ಅವ್ರೆ ಕಣ್ರೇ!” ಎಂದು ಎದುರುಮನೆ ಶಂಕರಮ್ಮ ಕಿರುಚಿ ಗೋಡೆಗೆ ಸರಿದರು.

ಮಂಗಳ ತಲೆಯೆತ್ತಿ ನೇತಾಡುತ್ತಿದ್ದ ಕಾಲನ್ನು ನೋಡಿದಳು. “ಇನ್ಯಾರು, ನಮ್ಮೋರೆಯ. ಕಾಲು ಗುರುತು ಸಿಕ್ತು” ಎಂದಳು.

ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ನನ್ನನ್ನು ಕೆಳಗಿಳಿಸಿದರು. ಟೀವಿ ಮಾತ್ರ ನಿರಾತಂಕವಾಗಿ ನಡೆಯುತ್ತಿತ್ತು. ನಾನು ಕಿತ್ತದ್ದು ನೀರಿನ ಮೋಟರಿನ ವೈರು! ಲಿಸಿ ಸಿಸ್ಟರ್ ನನ್ನ ಕಾಲಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ಎದ್ದು ಹೋಗಲೂ ಆಗದಂತೆ ಹೆಂಗಸರ ನಡುವೆ ಕುರ್ಚಿ ಹಾಕಿ ಕೂರಿಸಿ, ಸಿನಿಮಾವನ್ನು ಮೊದಲಿನಿಂದ ಶುರುಮಾಡಿದರು.

ಹುಡುಗ ಏಣಿ ಹೊತ್ತು ಬಂದ. ಹೆಂಗಸರು ಚಪ್ಪಾಳೆ ತಟ್ಟಿದರು. ಕೊಡೆ ಹಿಡಿದ ದಪ್ಪ ಮನುಷ್ಯ ಬಂದಾಗ ಶಂಕರಮ್ಮ, “ಬಂದ ನೋಡು ಮುಂಡೇಮಗ” ಎಂದು ಸ್ವಾಗತಿಸಿದರು. ಆ ಮಹಾನುಭಾವ ಬಾಯಿ ತೆರೆದು ಅಚ್ಚ ಕನ್ನಡದಲ್ಲಿ, “ಈ ಮಗು ನನ್ನ ಅಕ್ಕನ ಕೊನೆಯ ಗುರುತು. ಇವಳಿಗೆ ಒಳ್ಳೆಯ ವರ ಸಿಕ್ಕಿದರೆ ಸಾಕು” ಎಂದ.

“ಇದೇನು, ಮಗೀನ ನೋಡ್ಕಂಡಂಗೆ ನೋಡ್ಕತಾವ್ನೆ?” ಎಂದರು ಶಂಕರಮ್ಮ. ನಾನು ತಲೆಯೆತ್ತಿ ಅಟ್ಟ ನೋಡಿದೆ. ಅಲ್ಲಿ ಹೊಸ ತೂತಿತ್ತು.

ವಿಷದ ಬಾಟಲಿ ಅಜ್ಜಿಯ ಕಷಾಯವಾಯಿತು. ಅಜ್ಜಿಯ ಕಿವಿ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ಒಂದೊಂದು ದೃಶ್ಯ ಬಂದಾಗಲೂ ಹತ್ತು ತಲೆಗಳು ಒಮ್ಮೆ ಟೀವಿಯ ಕಡೆ, ಒಮ್ಮೆ ನನ್ನ ಕಡೆ ತಿರುಗುತ್ತಿದ್ದವು. ಮಂಗಳ ಮಾತ್ರ ತಿರುಗಲಿಲ್ಲ. ಕೊನೆಗೆ ಬಾವಿಕಟ್ಟೆ ಬಂದೇ ಬಂತು. ಹುಡುಗ ಹುಡುಗಿಯ ಎದುರು ನಿಂತು ಹೇಳಿದ: “ನಾನು ಸುಣ್ಣ ಬಳಿಯುವವನಲ್ಲ. ನಿನ್ನನ್ನು ನೋಡಲು ಬರಬೇಕಿದ್ದ ವರ ನಾನೇ. ಮೊದಲ ದಿನದಿಂದ ನಿನಗೆ ಸುಳ್ಳು ಹೇಳುತ್ತಾ ಬಂದೆ. ಕ್ಷಮಿಸು.”

ಮಂಗಳ, “ಅಲ್ಲಿಗೆ ನಿಲ್ಸು ಮಗಾ” ಎಂದಳು. ಅಶ್ವಿನಿ ನಿಲ್ಲಿಸಿದಳು.

ಮೂವತ್ತು ವರ್ಷದ ಹಿಂದೆಯೇ ಆ ಹುಡುಗ ನನ್ನ ಕಣ್ಣೆದುರಿಗೆ ಕ್ಷಮೆ ಕೇಳುತ್ತಿದ್ದ. ನಾನು ಅದರ ಮೇಲೆ ಕೊಬ್ಬರಿ ಸುರಿದಿದ್ದೆ! ನನಗೆ ತಡೆಯಲಾಗಲಿಲ್ಲ. “ತಪ್ಪಾಯ್ತು ಕಣೇ ಮಂಗಳಾ” ಎಂದೆ. “ನಂಗೆ ಮಲಯಾಳಂ ಬರಲ್ಲ. ಅವತ್ತು ಹೇಳಿದ್ದೆಲ್ಲಾ ನಾನೇ ಕಟ್ಟಿದ್ದು. ನೀನು ನಗ್ತಾ ಇದ್ದೆ, ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ.”

“ಗೊತ್ತು” ಎಂದಳು ಮಂಗಳ.

“ಏನು ಗೊತ್ತು?”

“ಅಶ್ವಿನಿ ಹುಟ್ಟಿದಾಗ್ಲೇ ಗೊತ್ತಾಯ್ತು. ಆಸ್ಪತ್ರೇಲಿ ಹೊತ್ತು ಹೋಗ್ಲಿ ಅಂತ ಸಿಸ್ಟರಿಗೆ ಈ ಕಥೆ ಹೇಳ್ದೆ. ಅವ್ರೂ ನೋಡಿದ್ರು ಈ ಸಿನಿಮಾನ.”

ಲಿಸಿ ಸಿಸ್ಟರ್ ಆಗಲೇ ನಗಲು ಶುರುಮಾಡಿದ್ದರು. “ಅವತ್ತು ಬಾವಿಕಟ್ಟೆವರೆಗೂ ನಗು ತಡ್ಕೊಂಡೆ ಅಣ್ಣಾ. ಕೇರಳದಲ್ಲೂ ಕಾಯಿ ಅಟ್ಟಕ್ಕೆ ಹಾಕ್ತಾರೆ ಅಂದ್ರು ನೋಡಿ ಇವ್ರು, ಆಮೇಲೆ ಆಗ್ಲಿಲ್ಲ. ನಮ್ಮ ಕಡೆ ಯಾರು ಹಾಕ್ತಾರೆ ಅಟ್ಟಕ್ಕೆ?”

ಅಂದರೆ ಇಷ್ಟು ವರ್ಷ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಈಯಮ್ಮ ನನ್ನನ್ನು ಕಂಡು ನಗುತ್ತಿದ್ದದ್ದು ನನ್ನ ಭಾಷಾಜ್ಞಾನದ ಮೇಲಿನ ಗೌರವದಿಂದಲ್ಲ! ಅದಕ್ಕೆ ನಾನು ಒಂದು ಚೀಲ ಕಾಯಿ ಬೇರೆ ಕೊಟ್ಟು ಬಂದಿದ್ದೆ.

“ಮತ್ತೆ ನನ್ನನ್ನ ಯಾಕೆ ಬಯ್ಯಲಿಲ್ಲ?” ಎಂದು ಮಂಗಳಾಳನ್ನು ಕೇಳಿದೆ.

“ಬಯ್ಯಾನ ಅಂತಲೇ ಇದ್ದೆ. ಆಮೇಲೆ ನೆಪ್ಪಾಯ್ತು. ಅವತ್ತು ನೀವು ಪರದೆ ನೋಡ್ತಾನೇ ಇರ್ಲಿಲ್ಲ, ನನ್ ಮುಖ ನೋಡ್ಕಂಡು ಕಥೆ ಹೇಳ್ತಿದ್ರಿ. ನಾನು ನಕ್ಕ ಕಡೆ ಎಳೀತಿದ್ರಿ, ಬೇಜಾರಾದ ಕಡೆ ಬಿಟ್ಬುಡ್ತಿದ್ರಿ. ಅಷ್ಟು ಕಷ್ಟ ಬಿದ್ದೋರ್ನ ಎಂಗ್ ಬಯ್ಯಾದು?” ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಕಾಲುನೋವಿನ ಲೆಕ್ಕಕ್ಕೆ ಹಾಕಿದೆ.

“ಈ ಕಥೇನೂ ಚೆನ್ನಾಗೈತೆ. ಆದ್ರೆ ನಮ್ದೇ ಚೆಂದ” ಎಂದು ಶಂಕರಮ್ಮ ತೀರ್ಪು ಕೊಟ್ಟರು. ಎಲ್ಲರೂ ಹೌದೌದು ಎಂದರು. ಮಂಗಳ ಕೂಡಲೇ, “ಅಶ್ವಿನಿ, ಸೌಂಡ್ ತೆಗ್ದು ಮೊದ್ಲಿಂದ ಹಾಕು. ನಿಮ್ಮಪ್ಪ ಹೇಳ್ಲಿ” ಎಂದಳು.

ನನಗೆ ಹೋದ ಜೀವ ಬಂತು. ಕಾಲು ಚಾಚಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. “ಈಗ ಹುಡುಗ ಬಂದು ನೀರು ಕೇಳ್ತಾನೆ...”

“ನೀರಲ್ಲ ಕಣ್ರೀ, ಮಜ್ಜಿಗೆ” ಎಂದರು ಶಂಕರಮ್ಮ.

“ಹೂಂ, ಮಜ್ಜಿಗೆ. ಆಗ ಸೋದರಮಾವ ಬಾಗಿಲ ಹಿಂದೆ ನಿಂತ್ಕಂಡು...”

“ಬಾಗಿಲ ಹಿಂದೆ ಅಜ್ಜಿ. ಸೋದರಮಾವ ಹಿತ್ತಲಲ್ಲಿ” ಎಂದಳು ನನ್ನ ಸ್ವಂತ ಮಗಳು.

ಐದು ನಿಮಿಷದಲ್ಲಿ ಕಥೆ ನನ್ನ ಕೈ ತಪ್ಪಿಹೋಯಿತು. ಹುಡುಗಿಯ ಮಾತನ್ನು ಮಂಗಳ ಆಡಿದಳು, ಹುಡುಗನದ್ದನ್ನು ಲಿಸಿ ಸಿಸ್ಟರ್. ಸೋದರಮಾವನಾಗಿ ಶಂಕರಮ್ಮ ಅಬ್ಬರಿಸತೊಡಗಿದರು. ಮೂರು ಸಲ ನಡುವೆ ಬಾಯಿ ಹಾಕಿ ಮೂರು ಸಲವೂ ತಪ್ಪು ಹೇಳಿದೆ. ನಾಲ್ಕನೆಯ ಸಲ ಸಿಟ್ಟು ಬಂದು, “ಅಲ್ಲಾ, ಈ ಕಥೆ ಕಟ್ಟಿದೋನು ನಾನು ಕಣ್ರೀ!” ಎಂದೆ.

ತಿಪಟೂರು ಬಿಟ್ಟರೆ ಹುಳಿಯಾರಿನಿಂದಾಚೆಗೆ ಎಂದೂ ಹೋಗದ ಶಂಕರಮ್ಮ ನನ್ನ ಕಡೆ ತಿರುಗಿ ಗದರಿದರು: “ಒಸಿ ಸುಮ್ಕಿರ್ರೀ ನೀವು! ನಿಮ್ಗಂತೂ ಮಲಯಾಳಂ ಬರಾಕಿಲ್ಲ, ಬರೋರು ಹೇಳ್ತಾ ಇದೀವಿ, ಕೇಳಿ!”