ಪ್ಲೇಟಿನ ಹಿಂದಿನ ಬಾಜೂ

ಬೈಲಹೊಂಗಲದ ಅರಿವಿ ಅಂಗಡ್ಯಾಗ ಕೆಲಸಕ್ಕಿದ್ದಾಂವಗ ನಗೂದಕ್ಕ ಬ್ಯಾರೆ ನಾಟಕ ಬೇಕಾಗೂದಿಲ್ಲರಿ. ಗಿರಾಕಿ ನಗಸತಾರ, ಗಿರಾಕಿ ಬರದಿದ್ರ ಸಾವಕಾರ್ರು ನಗಸತಾರ. ಅವರು ಹಾಡೂ ಪೆಟಗಿ ತಂದ ಮ್ಯಾಲಂತೂ ಕೇಳಬ್ಯಾಡ್ರಿ.

ಸಾವಕಾರ್ರ ಕಾಯದೆ

ಗ್ರಾಮಫೋನು ಬಂತು, ಅದರ ಜೋಡಿ ಒಂದ ಹಾಡಿನ ಪ್ಲೇಟು. ಚಾವಿ ತಿರುವೂ ಕೆಲಸ ನಂದು. ಮುಂದಿನ ಬಾಜೂಕ ಭಜನಿ ಪದ. ಅದು ಮುಗದ ಮ್ಯಾಲ ನಾ ಪ್ಲೇಟ ಹೊಳ್ಳಿಸಾಕ ಹೋದೆ.

"ಏಯ್, ಏನ ಮಾಡಾಕತ್ತೀ?"

"ಹಿಂದಿನ ಬಾಜೂಕೂ ಹಾಡೈತ್ರಿ."

"ಇರವಲ್ದ್ಯಾಕ! ನನ್ನ ಅಂಗಡ್ಯಾಗ ಏನ ಕಲತೀಪಾ ನೀ? ಗಿರಾಕಿಗೆ ಅರಿವಿ ಹಿಂದಿನ ಬಾಜೂ ಯಾರರ ತೋರಸತಾರೇನು? ಚಲೋದಿದ್ರ ಪ್ಲೇಟ ಮಾಡಿದವ್ರು ಅದನ್ನ ಮುಂದಿನ ಬಾಜೂಕ ಹಾಕತಿದ್ರು!"

ಆತ್ರೀಪಾ. ದಿನಾ ಸಂಜಿಗೆ ಊರ ಮಂದಿ ಅದ ಭಜನಿ ಕೇಳಿದ್ರು. ಕಡೀಕ ಅಂಗಡಿ ಮುಂದ ಕಟ್ಟಿದ ಎತ್ತೂ, ಭಜನಿ ಸುರು ಆತಂದ್ರ ಎದ್ದ ನಿಂತು ಮನಿ ಹಾದಿ ನೋಡತಿತ್ತು.

ಅವ್ವಾರ ನ್ಯಾಯ

ಸಾವಕಾರ್ರು ಸವದತ್ತಿ ಸಂತಿಗೆ ಹೋದ ದಿನ ಅವರ ಹೆಂಡ್ತಿ, ನಮ್ಮ ಅವ್ವಾರು, ಪೆಟಗೀನ ಮನಿ ಒಳಗ ತರಿಸಿದ್ರು.

"ಹೊಳ್ಳಸಪಾ ಅದನ್ನ."

"ಹಿಂದಿನ ಬಾಜೂ ಬ್ಯಾಡಂದಾರ್ರಿ ಸಾವಕಾರ್ರು."

"ಅವರಿಗೇನ ಗೊತ್ತು? ಮಾರಾವ್ರು ಅವರು, ಉಡಾವ್ರು ನಾವು. ಸೀರಿ ಹಿಂದಿನ ಬಾಜೂನ ಮೈಗೆ ಹತ್ತೂದು."

ಹೊಳ್ಳಿಸಿದೆ. ತುಪ್ಪದ ಗಡಗಿ ಕಪಾಟಿನ್ಯಾಗಿಟ್ಟು ಕೀಲಿ ಹಾಕೂ ಅತ್ತಿ, ಆ ಕೀಲಿಕೈ ಹಾರಸಾಕ ನೋಡೂ ಸೊಸಿ, ಇಬ್ಬರ ಜಗಳದ ಹಾಡು! ಅವ್ವಾರು ನಕ್ಕ ನಕ್ಕ ಕಣ್ಣೀರ ಒರಸ್ಕೊಂಡ್ರು. ಅವರ ಮಗಳಂತೂ ಒಲಿ ಮ್ಯಾಲಿನ ಹಾಲ ಮರತ್ಲು. ಅವತ್ತಿಂದ ಮನಿಮಂದಿ ಎಲ್ಲಾ "ಸಂತಿ ಯಾವಾಗ್ರಿ, ಸಂತಿಗೆ ಹೋಗೂದಿಲ್ಲೇನ್ರಿ" ಅಂತ ಕೇಳಾಕತ್ರು. "ನನ್ನ ಧಂದೇದ ಮ್ಯಾಲ ಎಷ್ಟ ಕಾಳಜಿ ನೋಡು ಇವರಿಗೆ!" ಅಂತ ಸಾವಕಾರ್ರು ಹಿಗ್ಗಿದ್ದ ಹಿಗ್ಗಿದ್ದು.

ರಾಮದುರ್ಗದ ಬೀಗರು

ಆ ಮಗಳನ್ನ ನೋಡಾಕ ರಾಮದುರ್ಗದಿಂದ ಬೀಗರು ಬಂದ್ರು. ಚಲೋ ಮನಿತನ, ಹುಡುಗನೂ ಚಲೋ. ಹುಡುಗಿಗೂ ಮನಸಿತ್ತು. ಈ ಸಂಬಂಧ ತಪ್ಪಿದ್ರ ಹೆಂಗಪಾ ಅಂತ ಸಾವಕಾರ್ರು ಮ್ಯಾಲಿಂದ ಮ್ಯಾಲ ತಲಿಗೆ ಸುತ್ತಿದ ಪಟಗಾ ಸರಿ ಮಾಡ್ಕೊತಿದ್ರು.

"ಒಂದ ಹಾಡ ಅನ್ನವಾ ತಂಗಿ" ಅಂದ್ರು ಹುಡುಗನ ಅವ್ವ.

ಭಜನಿ ಪದ ಅನ್ನು ಅಂತ ಸಾವಕಾರ್ರು ಕಣ್ಸನ್ನಿ ಮಾಡಿದ್ರು. ಹುಡುಗಿ ಅಂಜಕೋಂತ ಬಾಯಿ ತಗದ್ಲು. ಬಂದದ್ದೇನು? ಅತ್ತಿ, ತುಪ್ಪದ ಗಡಗಿ, ಕೀಲಿ!

ಅರ್ಧಕ್ಕ ಅಕಿಗೇ ತಿಳದು ಗಪ್ಪಾದ್ಲು. ಕಣ್ಣತುಂಬ ನೀರು. ಸಾವಕಾರ್ರ ಮಾರಿ ಹತ್ತಿ ಹಂಗ ಬೆಳ್ಳಗಾತು. ಹುಡುಗನ ಅವ್ವ ಸೆರಗ ಬಾಯಿಗೆ ಒತ್ತಿ ತಲಿ ಬಗ್ಗಿಸಿದ್ರು, ಹೆಗಲ ಅಲಗಾಕತ್ತಿದ್ವು. ಸಂಬಂಧ ಹೋತು ಅಂತ ಎಲ್ಲಾರೂ ಆಶಾ ಬಿಟ್ವಿ.

ಅವರು ತಲಿ ಎತ್ತಿದ್ರು. ನಗು ತಡಿಯಾಕ ಆಗವಲ್ದು ಅವರಿಗೆ!

"ಯಾಕ ನಿಂತಿ ತಂಗಿ? ಮುಂದ ಅನ್ನವಾ! ಈ ಹಾಡಿನ ಪ್ಲೇಟ ನಮ್ಮ ಮನ್ಯಾಗೂ ಐತಿ. ಹಾಡು ಇಲ್ಲಿಗೆ ಬಂತಂದ್ರ ಸಾಕು, ನಮ್ಮತ್ತಿ ಓಡಿ ಬಂದು ಪ್ಲೇಟಿನ ಮ್ಯಾಲಿನ ಮುಳ್ಳ ಎತ್ತತಾರ. ಆ ಸೊಸಿ ತುಪ್ಪ ತಿಂದ್ಲೋ ಇಲ್ಲೋ, ಇವತ್ತಿನ ತನಕ ನನಗ ಗೊತ್ತಿಲ್ಲ. ನೀ ನಮ್ಮ ಮನಿಗೇ ಬಾರವಾ. ಆದ್ರ ಮೊದಲ ಇದನ್ನ ಮುಗಸು!"

ಹುಡುಗಿಗೆ ಅಳೂದೋ ನಗೂದೋ ತಿಳೀಲಿಲ್ಲ, ಎರಡೂ ಕೈಲೆ ಮಾರಿ ಮುಚ್ಚಕೊಂಡ್ಲು. ಸಾವಕಾರ್ರು ನನ್ನ ಕಡೆ ತಿರಗಿ ಗುಡಗಿದ್ರು:

"ಏನ ನೋಡಕೋಂತ ನಿಂತೀಯೋ? ಗಿರಾಕಿ ಕೇಳಾಕತ್ತಾರ, ಹಿಂದಿನ ಬಾಜೂ ತೋರಸು!"