ಎದೆ ತಪಾಸಣೆಗೊಬ್ಬ ಬದಲಿ

“ನನ್ನ ಎದಿ ಅಂದ್ರ ಕಗ್ಗಲ್ಲು! ಅದನ್ನೇನ ತಪಾಸ ಮಾಡ್ತಾನ ಆ ಡಾಕ್ಟರ?” ಎಂದು ನೀಲಕಂಠಪ್ಪ ಭಾಂಡುಪಿನ ಇಡೀ ಚಾಳಿಗೆ ಕೇಳುವಂತೆ ಗರ್ಜಿಸಿದ.

ರೈಲ್ವೆ ಮುಷ್ಕರ ನಡೆದ ವರ್ಷವದು. ಚಾಳಿನ ಕೆಳಗೆ ಹೊಸದಾಗಿ ದವಾಖಾನೆ ತೆರೆದ ಡಾಕ್ಟರರಿಗೆ ಒಂದು ವಿಚಿತ್ರ ಹುಕಿ. ನಲವತ್ತು ದಾಟಿದ ಗಂಡಸರೆಲ್ಲ, ಜಡ್ಡಿರಲಿ ಬಿಡಲಿ, ಬಂದು ಬಿ.ಪಿ. ನೋಡಿಸಿಕೊಂಡು ಹೋಗಬೇಕಂತೆ. ಹೃದಯದ ರೋಗವನ್ನು ಬರುವ ಮೊದಲೇ ಹಿಡಿಯುತ್ತಾರಂತೆ! ಕಳುವಾಗುವ ಮೊದಲೇ ಕಳ್ಳನನ್ನು ಹಿಡಿದ ಪೊಲೀಸರನ್ನು ಮುಂಬಯಿಯಲ್ಲಿ ಯಾರು ಕಂಡಿದ್ದಾರೆ?

“ಕಲ್ಲಿದ್ರ ತೋರಿಸಿಕೊಂಡ ಬರ್ರಿ. ಕಲ್ಲಿಗೇನ ಅಂಜಿಕಿ?” ಎಂದಳು ಹೆಂಡತಿ ಮಲ್ಲವ್ವ.

ಅಂಜಿಕೆ ಇತ್ತು. ರಕ್ತ ತೆಗೆಯುವ ಸೂಜಿ ನೆನೆದರೇ ಈ ಕಲ್ಲು ಬೆವರುತ್ತಿತ್ತು. ಆದರೆ ಗಿರಣಿಯಲ್ಲಿ ದುಡಿದವನಿಗೆ ಉಪಾಯಕ್ಕೇನು ಬರ? ತಾನು ಹೋಗಲಾಗದ ಪಾಳಿಗೆ ಬದಲಿ ಆಳು ಹೋಗುವುದು ಗಿರಣಿಯ ಪದ್ಧತಿ. ನೀಲಕಂಠಪ್ಪನ ಪಾಳಿಗೆ ಸದಾ ಬದಲಿ ಹೋಗುತ್ತಿದ್ದವನು ಪಕ್ಕದ ಖೋಲಿಯ ಶರೀಫ, ವಿಜಾಪುರದವನು, ಮಲ್ಲವ್ವನ ಕೈಯಡುಗೆಯನ್ನೇ ಉಣ್ಣುವ ಜೋಳದ ದಂಟಿನಂಥ ಆಳು. ಇಂಥವನಿಗೆ ರೋಗವಾದರೂ ಎಲ್ಲಿಂದ ಬರಬೇಕು? ಶರೀಫ ನೀಲಕಂಠಪ್ಪನೆಂದು ಹೆಸರು ಹೇಳಿ, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು, ರಕ್ತವನ್ನೂ ಕೊಟ್ಟು ಬಂದ.

ಸಂಜೆ ಕಂಪೌಂಡರ್ ನೆಟ್ಟಗೆ ಮಲ್ಲವ್ವನ ಬಾಗಿಲಿಗೇ ಬಂದ. “ನಿಮ್ಮ ಯಜಮಾನ್ರ ಬಿ.ಪಿ. ಭಾಳ ಏರೇತ್ರಿ. ಉಪ್ಪು, ಎಣ್ಣಿ, ಬೀಡಿ ಎಲ್ಲಾ ಬಂದ್!”

ಮುಂಬಯಿ ಬಂದ್‌ನಲ್ಲಾದರೂ ಹಾಲಿನ ಗಾಡಿ ಓಡಾಡುತ್ತದೆ. ಮಲ್ಲವ್ವನ ಬಂದ್‌ನಲ್ಲಿ ಶೇಂಗಾ ಚಟ್ನಿಗೂ ಪರವಾನಗಿ ಇರಲಿಲ್ಲ! ಸಪ್ಪನೆಯ ಪಲ್ಯ ನುಂಗಲಾರದೆ ನೀಲಕಂಠಪ್ಪ ಶರೀಫನ ಕಿವಿಯಲ್ಲಿ, “ಲೇ, ಆ ಬಿ.ಪಿ. ನಿಂದಲೇ!” ಎಂದು ಪಿಸುಗುಟ್ಟಿದ.

“ಬರಸಿದ ಹೆಸರ ನಿಮ್ದು ಅಣ್ಣಾರ, ರೋಗಾನೂ ನಿಮ್ದ!” ಎಂದು ನಕ್ಕ ಶರೀಫ ಮಿರ್ಚಿ ಭಜಿ ಬಾಯಿಗಿಟ್ಟ. ಗಂಡನ ಪಾಲು ಉಳಿಯಿತಲ್ಲ ಎಂದು ಮಲ್ಲವ್ವ ಅವನಿಗೆ ಹೆಚ್ಚೇ ಬಡಿಸುತ್ತಿದ್ದಳು. ರೋಗವಿದ್ದವನಿಗೆ ಹಬ್ಬ, ಇಲ್ಲದವನಿಗೆ ಪಥ್ಯ! ನಿಜ ಹೇಳೋಣವೆಂದರೆ ಮಲ್ಲವ್ವನ ನಾಲಿಗೆಯ ಮುಂದೆ ಡಾಕ್ಟರರ ಸೂಜಿ ಏನೇನೂ ಅಲ್ಲ.

ಹೀಗೇ ತಿಂಗಳು ಉರುಳಿತು. ಒಂದು ರವಿವಾರ ಶರೀಫ ಮೆಟ್ಟಿಲು ಹತ್ತಿ ಬಂದವನೇ ಎದೆ ಹಿಡಿದುಕೊಂಡು ಹೊಸ್ತಿಲಲ್ಲಿ ಕುಸಿದ. ಮುಖವೆಲ್ಲ ಬೆವರು. ನೀರು ಕುಡಿದು ಸುಧಾರಿಸಿಕೊಂಡು ಮತ್ತೆ ಭಜಿಗೇ ಕೈ ಚಾಚಿದ! ನೀಲಕಂಠಪ್ಪನಿಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇವನು ಸತ್ತರೆ ಕೊಂದ ಪಾಪ ತನ್ನದೇ. ತಾಟು ಕಸಿದುಕೊಂಡು ಕೂಗಿದ:

“ಏ ಇವಳ! ಇವಗ ಇದನ್ನ ಕೊಡಬ್ಯಾಡ! ಆ ಬಿ.ಪಿ. ಇವಂದು! ನಾ ದವಾಖಾನಿಗೆ ಹೋಗೇ ಇಲ್ಲ!”

ಮಲ್ಲವ್ವ ಕೈಯಲ್ಲಿದ್ದ ಸೌಟನ್ನೂ ಇಡದೆ ಇಬ್ಬರನ್ನೂ ದವಾಖಾನೆಗೆ ಇಳಿಸಿಕೊಂಡು ಹೋದಳು. ಅವಳು ಹೇಳಿದ್ದನ್ನೆಲ್ಲ ಕೇಳಿ ಡಾಕ್ಟರರು ಮೊದಲು ಶರೀಫನನ್ನು ಪರೀಕ್ಷಿಸಿ, “ಬೇಗ ಬಂದ್ರಿ. ಪಥ್ಯ ಮಾಡಿ ಗುಳಿಗಿ ತಗೊಂಡ್ರ ಅಂಜಿಕಿ ಇಲ್ಲ” ಎಂದರು. ಆಮೇಲೆ ಅಸಲಿ ನೀಲಕಂಠಪ್ಪನ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಒತ್ತಿದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಒತ್ತಿದರು.

“ನಂದು ಬರೋಬ್ಬರಿ ಅದ ಅಲ್ರೀ?”

“ಇವರದಕ್ಕಿಂತ ಹೆಚ್ಚದ! ಒಂದ ತಿಂಗಳ ಉಪ್ಪು ಬಿಟ್ಟರೂ ಇಷ್ಟು ಅದ! ಬಿಡದಿದ್ರ ಏನಾಗತಿತ್ತೋ!”

ಕಗ್ಗಲ್ಲು ಸ್ಟೂಲಿನ ಮೇಲೆ ಮೆತ್ತಗಾಯಿತು. ಮಲ್ಲವ್ವನ ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ. “ಅಲ್ರೀ, ನಾಳೆ ಯಮರಾಯ ಬಂದ ಬಾಗಲಾ ಬಡದ್ರ ಯಾರನ್ನ ಕಳಸಾವರಿದ್ರಿ? ಶರೀಫಣ್ಣನ್ನೇನು?”

ನೀಲಕಂಠಪ್ಪ ಬಾಯಿ ತೆರೆಯುವ ಮೊದಲೇ ಶರೀಫ ಕೈ ಮುಗಿದ.

“ಆ ಪಾಳಿ ನಾ ಒಲ್ಲೆರೀ ವೈನಿ! ಅದಕ್ಕ ಅವರ ಹೋಗ್ಲಿ!”