ಎಣ್ಣೆಗಿಳಿದ ಕಂಪ್ಯೂಟರ್

ಅವನ ಕಂಪ್ಯೂಟರಿನ ಫ್ಯಾನು ಕೂಗಲು ಶುರುಮಾಡಿ ಮೂರು ತಿಂಗಳಾಗಿತ್ತು. ಮೊದಮೊದಲು ನೊಣ ಗುಂಯ್‌ಗುಟ್ಟಿದ ಹಾಗೆ, ಆಮೇಲೆ ಮಿಕ್ಸಿ ತಿರುಗಿದ ಹಾಗೆ. ಈಗಂತೂ ಹಿಟ್ಟಿನ ಗಿರಣಿಯೇ ಕೋಣೆಯೊಳಗೆ ಬಂದು ಕೂತಿತ್ತು. ಆ ಬೀದಿಯಲ್ಲಿ ಮನೆ ಕಟ್ಟಿಸುವವರೆಲ್ಲ ಅವನ ಹತ್ತಿರವೇ ನಕ್ಷೆ ಬರೆಸುತ್ತಿದ್ದರು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಸೇರಿ, ಊರಿಗೆಲ್ಲ ಅವನು ‘ನಕ್ಷೆ’ ಆಗಿದ್ದ. ಬರೀ ಗೆರೆ ಎಳೆಯುವಾಗ ಕಂಪ್ಯೂಟರ್ ತೆಪ್ಪಗಿರುತ್ತಿತ್ತು. ಇನ್ನೂ ಕಟ್ಟದ ಮನೆಯನ್ನು ಬಿಸಿಲು, ನೆರಳು, ಕಿಟಕಿ ಪರದೆ ಸಮೇತ ಚಿತ್ರ ಮಾಡಿ ತೋರಿಸು ಎಂದರೆ ಮಾತ್ರ ಅದಕ್ಕೆ ಜ್ವರ ಏರಿ ಅರಚಾಟ ಶುರು.

ಅವತ್ತು ಬೆಳಗ್ಗೆ ಹೆಂಡತಿ ಆಫೀಸಿಗೆ ಹೊರಟವಳು ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು.

“ರೀ, ಸಂಜೆ ಐದಕ್ಕೆ ಅಪ್ಪನ್ನ ಸ್ಟೇಷನ್ನಿಂದ ಕರ್ಕೊಂಡು ಬರ್ತೀನಿ. ಇನ್ಮೇಲೆ ಅವರು ಇಲ್ಲೇ ಇರೋದು, ಈ ಕೋಣೇಲೇ ಮಲಗೋದು. ಸೂಜಿ ಬಿದ್ರೂ ಅವರಿಗೆ ಎಚ್ಚರ ಆಗುತ್ತೆ. ಅಷ್ಟರೊಳಗೆ ಇದರ ಬಾಯಿ ಮುಚ್ಚಿಸಿದ್ರೋ ಸರಿ, ಇಲ್ಲಾಂದ್ರೆ ಇದು ಅಟ್ಟಕ್ಕೆ.”

“ಅಟ್ಟಕ್ಕಾ? ಮೇಲೆ ತಗಡು ಕಣೇ!”

“ಹಾಗಾದ್ರೆ ನಿಮ್ಮ ಮಾವನ್ನ ಅಟ್ಟದಲ್ಲಿ ಮಲಗಿಸ್ತೀರಾ?”

ಆ ಅಟ್ಟದಲ್ಲಿಟ್ಟ ಮೇಣದಬತ್ತಿಗಳು ಹೋದ ಬೇಸಿಗೆಯಲ್ಲಿ ಯಾರೂ ಹಚ್ಚದೆಯೇ ಕರಗಿಹೋಗಿದ್ದವು. ಅಲ್ಲಿ ಕಂಪ್ಯೂಟರ್ ಇಟ್ಟರೆ ಎರಡು ದಿನಕ್ಕೆ ಅದರ ಕತೆ ಮುಗಿಯಿತು, ಅದರ ಹಿಂದೆಯೇ ಇವನ ಅನ್ನದ ಕತೆಯೂ. ಸಾಲದ್ದಕ್ಕೆ ನಾಳೆ ಬೆಳಗ್ಗೆ ಹತ್ತಕ್ಕೆ ಗಿರಾಕಿಯೊಬ್ಬರು ತಮ್ಮ ಮೂರಂತಸ್ತಿನ ಮನೆಯ ಚಿತ್ರ ನೋಡಲು ಬರುವವರಿದ್ದರು.

ನಕ್ಷೆ ಫ್ಯಾನಿನ ಧೂಳು ಒರೆಸಿದ, ಬ್ರಷ್ಷಿನಲ್ಲಿ ಉಜ್ಜಿದ, ಕೊನೆಗೆ ಕೈಮುಗಿದ. ಯಾವುದಕ್ಕೂ ಅದು ಜಗ್ಗಲಿಲ್ಲ. ಆಗ ಹತಾಶನಾಗಿ ಅದೇ ಕಂಪ್ಯೂಟರಿನಲ್ಲೇ ಉಪಾಯ ಹುಡುಕಿದ. ಯಾರೋ ಮಹಾನುಭಾವ ತನ್ನ ಕಂಪ್ಯೂಟರನ್ನು ಡಬ್ಬಿಯಿಂದ ಬಿಚ್ಚಿ, ಗಾಜಿನ ತೊಟ್ಟಿಯಲ್ಲಿ ಎಣ್ಣೆ ತುಂಬಿ, ಅದರಲ್ಲಿ ಪೂರ್ತಿ ಮುಳುಗಿಸಿಬಿಟ್ಟಿದ್ದ! ಅದು ಮುಳುಗಿಕೊಂಡೇ ಕೆಲಸ ಮಾಡುತ್ತಿತ್ತು. ನೀರಾದರೆ ಕರೆಂಟು ಹರಿದು ಸುಟ್ಟುಹೋಗುತ್ತದೆ, ಎಣ್ಣೆಯಲ್ಲಿ ಕರೆಂಟು ಹರಿಯುವುದಿಲ್ಲ. ಬಿಸಿಯನ್ನೆಲ್ಲ ಎಣ್ಣೆಯೇ ಹೀರಿಕೊಳ್ಳುತ್ತದೆ, ಸದ್ದು ಅಡಗುತ್ತದೆ. ಇಷ್ಟೇ ಸಂಗತಿ.

‘ಯಾಕಾಗಬಾರದು?’ ಅಂದುಕೊಂಡ ನಕ್ಷೆ. ಹಿಂದೊಮ್ಮೆ ಇದೇ ಪ್ರಶ್ನೆ ಕೇಳಿಕೊಂಡು ಅವನು ಇಸ್ತ್ರಿಪೆಟ್ಟಿಗೆಯಲ್ಲಿ ಬ್ರೆಡ್ಡು ಸುಡಲು ಹೋಗಿ ಹೆಂಡತಿಯ ಆಫೀಸಿನ ಬಟ್ಟೆಗೆಲ್ಲ ಬೆಣ್ಣೆ ಬಳಿದಿದ್ದ. ಆದರೂ ಪ್ರಶ್ನೆ ಮನಸ್ಸಿಗೆ ಬಂದಮೇಲೆ ಉತ್ತರ ನೋಡದೆ ಬಿಡುವ ಜಾಯಮಾನ ಅವನದಲ್ಲ. ಬಾಲ್ಕನಿಯಲ್ಲಿ ಮೀನುಗಳೆಲ್ಲ ಸತ್ತು ಆಲೂಗಡ್ಡೆ ತುಂಬಿದ್ದ ಗಾಜಿನ ತೊಟ್ಟಿಯೊಂದು ಇತ್ತು. ಆಲೂಗಡ್ಡೆ ಸುರುವಿ ತೊಳೆದು ಒರೆಸಿ ಕೋಣೆಗೆ ತಂದ. ಅಡುಗೆ ಎಣ್ಣೆ ಹಾಕಿದರೆ ನಾಲ್ಕು ದಿನಕ್ಕೆ ಕಮಟು ವಾಸನೆ ಬರುತ್ತದಂತೆ. ಬಣ್ಣವಿಲ್ಲದ, ವಾಸನೆಯಿಲ್ಲದ ಲಿಕ್ವಿಡ್ ಪ್ಯಾರಾಫಿನ್ ಆಗಬೇಕಂತೆ. ಅದು ಸಿಗುವುದು ಔಷಧಿ ಅಂಗಡಿಯಲ್ಲಿ. ಯಾವ ಕಾಯಿಲೆಗೆ ಕೊಡುತ್ತಾರೆ ಎಂಬುದನ್ನು ಓದುವಷ್ಟು ವ್ಯವಧಾನ ಅವನಿಗಿರಲಿಲ್ಲ.

“ಲಿಕ್ವಿಡ್ ಪ್ಯಾರಾಫಿನ್ ಕೊಡಿ” ಅಂದ, ಬೀದಿ ಕೊನೆಯ ಅಂಗಡಿಯಲ್ಲಿ.

“ಸಣ್ಣ ಬಾಟ್ಲಾ, ಅರ್ಧ ಲೀಟರ್ದಾ?”

“ಇಪ್ಪತ್ತು ಲೀಟರ್.”

ಔಷಧಿ ಅಂಗಡಿಯವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಇವನ ಮುಖದಿಂದ ಹೊಟ್ಟೆಯವರೆಗೆ ನಿಧಾನವಾಗಿ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ: “ಎಷ್ಟು ದಿನ ಆಯ್ತು ಸಾರ್, ಸರಿಯಾಗಿ ಆಗಿ?”

ಆಗ ನಕ್ಷೆಗೆ ಕಪಾಟಿನಲ್ಲಿದ್ದ ಬಾಟಲಿಯ ಮೇಲಿನ ಅಕ್ಷರಗಳು ಕಂಡವು: ಮಲಬದ್ಧತೆಗೆ, ಮಲಗುವ ಮುನ್ನ ಒಂದು ಚಮಚ.

“ಅಯ್ಯೋ, ನನಗಲ್ಲ! ಕಂಪ್ಯೂಟರಿಗೆ!”

“ಎಲ್ಲರೂ ಹಾಗೇ ಹೇಳೋದು ಸಾರ್” ಅಂದ ಅಂಗಡಿಯವನು, ಕರುಣೆಯಿಂದ. “ಅತ್ತೆಗೆ ಅಂತಾರೆ, ನಾಯಿಗೆ ಅಂತಾರೆ. ಕಂಪ್ಯೂಟರಿಗೆ ಅಂದೋರು ನೀವೇ ಮೊದಲು. ನಾಚ್ಕೋಬೇಡಿ, ಕಾಯಿಲೆ ಮನುಷ್ಯನಿಗೆ ಬರದೆ ಮರಕ್ಕೆ ಬರುತ್ತಾ?” ಅವನಲ್ಲಿ ಇದ್ದದ್ದು ಹದಿನಾಲ್ಕೇ ಬಾಟಲಿ. ಒಳ್ಳೆಯ ಮನುಷ್ಯ, ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪೇಟೆಯ ಇನ್ನೆರಡು ಅಂಗಡಿಗಳಿಗೂ ಫೋನು ಮಾಡಿ, “ಇರೋದನ್ನೆಲ್ಲ ಈಗಲೇ ಕಳಿಸಿ, ಕೇಸು ತುಂಬ ಸೀರಿಯಸ್ಸು” ಅಂತ ಬೀದಿಗೆಲ್ಲ ಕೇಳುವಂತೆ ಕೂಗಿ, ನಲವತ್ತು ಬಾಟಲಿ ಒಟ್ಟು ಮಾಡಿಕೊಟ್ಟ.

ಊರ ಬಾಯಿಗೆ ಮುಚ್ಚಳ ಎಲ್ಲಿದೆ? ನಕ್ಷೆ ಎರಡು ಚೀಲ ಹೊತ್ತು ಏದುಸಿರು ಬಿಡುತ್ತ ಮನೆ ಸೇರುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆಯೇ ಮೆಟ್ಟಿಲು ಹತ್ತಿತ್ತು. ಕೆಳಮನೆಯ ನರ್ಸಮ್ಮ, ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಿಯಾದವರು, ಬಾಗಿಲ ಹತ್ತಿರ ಒಂದು ದೊಡ್ಡ ಪರಂಗಿಹಣ್ಣನ್ನು ಮಗುವಿನ ಹಾಗೆ ಎತ್ತಿಕೊಂಡು ಕಾಯುತ್ತಿದ್ದರು.

“ಏನಪ್ಪಾ ನಕ್ಷೆ, ಇಷ್ಟು ಕಷ್ಟ ಹೊಟ್ಟೇಲಿಟ್ಕೊಂಡು ಓಡಾಡ್ತಿದ್ದೆಯಲ್ಲೋ! ನನಗೊಂದು ಮಾತು ಹೇಳಬಾರದಿತ್ತಾ?”

“ನರ್ಸಮ್ಮಾ, ನನಗೇನೂ ಆಗಿಲ್ಲ.”

“ಅದೇ ಕಣಪ್ಪಾ ತೊಂದರೆ, ಏನೂ ಆಗ್ತಿಲ್ಲ” ಅಂದರು ನರ್ಸಮ್ಮ. ಹೇಳಿ ಮುಗಿಸುವಷ್ಟರಲ್ಲಿ ಒಂದು ಚೀಲದ ತಳ ಹರಿದು, ಬಾಟಲಿಯೊಂದು ಮೆಟ್ಟಿಲ ಮೇಲೆ ಬಿದ್ದು ಒಡೆಯಿತು. ಎದುರು ಮನೆಯ ಮೇಷ್ಟ್ರು, ವಿಜ್ಞಾನ ಪಾಠ ಹೇಳಿ ಹೇಳಿ ಗಂಟಲು ದಪ್ಪಗಾಗಿದ್ದವರು, ವಿಚಾರಿಸೋಣ ಅಂತ ಬಂದವರು ಆ ಎಣ್ಣೆಯ ಮೇಲೆ ಕಾಲಿಟ್ಟು ನಾಲ್ಕು ಮೆಟ್ಟಿಲನ್ನು ಒಂದೇ ಏಟಿಗೆ ಇಳಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಮರ್ಯಾದೆ ಮಾತ್ರ ಸ್ವಲ್ಪ ತರಚಿತು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ನಕ್ಷೆ ಇಬ್ಬರನ್ನೂ ಕೋಣೆಗೆ ಕರೆದು, ಬಿಚ್ಚಿಟ್ಟ ಕಂಪ್ಯೂಟರು, ಗಾಜಿನ ತೊಟ್ಟಿ, ಬಾಟಲಿಗಳ ಸಾಲು ಎಲ್ಲವನ್ನೂ ತೋರಿಸಿದ. ನರ್ಸಮ್ಮ ನಂಬಲಿಲ್ಲ. ಮೇಷ್ಟ್ರು ನಂಬಿದರು, ಅದು ಇನ್ನೂ ಕಷ್ಟಕ್ಕೆ ಬಂತು.

“ಏನಯ್ಯಾ, ಕರೆಂಟಿನ ಸಾಮಾನನ್ನ ಎಣ್ಣೇಲಿ ಅದ್ದುತೀಯಾ? ಇಡೀ ಬಿಲ್ಡಿಂಗು ಹಾರಿಹೋಗುತ್ತೆ!” ಅಂತ ಅಬ್ಬರಿಸಿ ಓಡಿದರು. ಓಡಿದವರು ತಪ್ಪಿಸಿಕೊಂಡರೆಂದು ನಕ್ಷೆ ತಿಳಿದಿದ್ದ. ಐದು ನಿಮಿಷದಲ್ಲಿ ಒಂದು ಬಕೆಟ್ ಮರಳು ಹೊತ್ತುಕೊಂಡು ವಾಪಸ್ ಬಂದು, “ಹೂಂ, ಈಗ ಮಾಡು. ನಾನೂ ನೋಡ್ಬೇಕು” ಅಂತ ಮುಂದಿನ ಸಾಲಿನ ಕುರ್ಚಿ ಹಿಡಿದರು.

ನೀರಿಗಿಳಿದ ಮೇಲೆ ಚಳಿಯೇನು? ನಕ್ಷೆ ಹಲಗೆಯಂಥ ಭಾಗವನ್ನು ತೊಟ್ಟಿಯ ತಳಕ್ಕೆ ಇಳಿಸಿದ. ಫೈಲುಗಳಿರುವ ಡಿಸ್ಕನ್ನು ಮಾತ್ರ ಮುಳುಗಿಸಬಾರದಂತೆ. ಅದನ್ನು ದಾರ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕಿದ. ಆಮೇಲೆ ಒಂದೊಂದೇ ಬಾಟಲಿ ಮುಚ್ಚಳ ತೆಗೆದು ಸುರಿಯತೊಡಗಿದ. ನರ್ಸಮ್ಮ “ಅಯ್ಯೋ ದೇವರೇ, ನಿಜವಾಗ್ಲೂ ಅದಕ್ಕೇ ಕುಡಿಸ್ತಿದ್ದಾನಲ್ಲಪ್ಪಾ” ಅಂತ ಗಲ್ಲಕ್ಕೆ ಕೈ ಹಚ್ಚಿಕೊಂಡು ಕೂತರು. ಒಂದೊಂದು ಬಾಟಲಿಗೂ ಮೇಷ್ಟ್ರು ಎಣಿಕೆ ಹಾಕುತ್ತಿದ್ದರು. ಮೂವತ್ತೊಂಬತ್ತನೆಯದು ಖಾಲಿಯಾದಾಗ ಎಣ್ಣೆ ಸರಿಯಾಗಿ ಮೇಲಿನ ಫ್ಯಾನನ್ನು ಮುಚ್ಚಿತು. ಕೊನೆಯ ಹನಿಯನ್ನೂ ಬಿಡದೆ ಬಾಟಲಿ ತಲೆಕೆಳಗು ಮಾಡಿ ಅಲ್ಲಾಡಿಸಿದ.

ಗಂಟೆ ನಾಲ್ಕೂಮುಕ್ಕಾಲು. ನಕ್ಷೆ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

ಏನೂ ಆಗಲಿಲ್ಲ.

ಮತ್ತೆ ಒತ್ತಿದ. ಕಂಪ್ಯೂಟರ್ ಎಣ್ಣೆಯಲ್ಲಿ ಹೆಣದ ಹಾಗೆ ಬಿದ್ದಿತ್ತು. ಹದಿನೈದು ವರ್ಷದ ಕಸುಬು, ನಾಳಿನ ಗಿರಾಕಿ, ಮುಂದಿನ ತಿಂಗಳ ಸಂಸಾರ, ಎಲ್ಲವನ್ನೂ ತನ್ನ ಕೈಯಾರೆ ಮುಳುಗಿಸಿದೆನಲ್ಲ ಎಂದು ನಕ್ಷೆಗೆ ಅಳು ಬಂತು. “ಹೋಯ್ತು ನರ್ಸಮ್ಮಾ, ಹೋಯ್ತು” ಅಂದ.

“ಹೇಗೆ ಬರುತ್ತೆ? ಪ್ಲಗ್ ಕಿತ್ತು ನನ್ನ ಕೈಯಲ್ಲಿಟ್ಕೊಂಡಿದ್ದೀನಿ, ಮುಂಜಾಗ್ರತೆಗೆ” ಅಂದರು ಮೇಷ್ಟ್ರು.

ಪ್ಲಗ್ ಹಾಕಿದ್ದೇ ತಡ, ತೊಟ್ಟಿಯೊಳಗೆ ಒಂದು ಹಸಿರು ದೀಪ ಹೊತ್ತಿತು. ಫ್ಯಾನಿನ ರೆಕ್ಕೆಗಳು ನಿದ್ದೆಯಿಂದೆದ್ದವರ ಹಾಗೆ ನಿಧಾನವಾಗಿ ತಿರುಗಿದವು. ಎಲ್ಲೆಲ್ಲೋ ಅಡಗಿದ್ದ ಗಾಳಿ ಸಣ್ಣ ಸಣ್ಣ ಗುಳ್ಳೆಗಳಾಗಿ ಮೇಲೆದ್ದಿತು. ಬಿಸಿಯಾದ ಎಣ್ಣೆ ಹಲಗೆಯಿಂದೆದ್ದು ಅಲೆಅಲೆಯಾಗಿ ಹೋಗುವುದು ಗಾಜಿನಾಚೆಯಿಂದ ಕಣ್ಣಿಗೆ ಕಾಣುತ್ತಿತ್ತು. ನಕ್ಷೆ ಮೂರಂತಸ್ತಿನ ಮನೆಯ ಚಿತ್ರ ಮಾಡಲು ಹಚ್ಚಿ ಕಿವಿಗೊಟ್ಟ. ಸದ್ದಿಲ್ಲ! ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಮೂವರೂ ಮಕ್ಕಳ ಹಾಗೆ ಗಾಜಿಗೆ ಮೂಗು ಒತ್ತಿ ನೋಡುತ್ತ ನಿಂತರು. “ಎಷ್ಟು ಚೆಂದ ಇದೆಯೋ” ಅಂದರು ನರ್ಸಮ್ಮ. ಮೇಷ್ಟ್ರು ಮರಳಿನ ಬಕೆಟ್ಟನ್ನು ಮೆಲ್ಲಗೆ ಕುರ್ಚಿಯ ಹಿಂದೆ ತಳ್ಳಿದರು.

ಅಷ್ಟರಲ್ಲಿ ಬಾಗಿಲು ತೆರೆದು ಹೆಂಡತಿ, ಅವಳ ಹಿಂದೆ ಮಾವ ಒಳಗೆ ಬಂದರು. ಮದುವೆಯಾದ ಹನ್ನೊಂದು ವರ್ಷದಲ್ಲಿ ಮಾವ ಅಳಿಯನ ಜೊತೆ ಆಡಿದ ಮಾತೆಂದರೆ ‘ಹೂಂ’ ಒಂದೇ. ಅಂಥವರು ಈಗ ಪೆಟ್ಟಿಗೆ ಕೆಳಗಿಟ್ಟು, ನೇರವಾಗಿ ಬಂದು ನಕ್ಷೆಯನ್ನು ತಬ್ಬಿಕೊಂಡರು.

“ಅಳಿಯಂದಿರೇ, ನನಗೆ ಗೊತ್ತೇ ಇರಲಿಲ್ಲ!”

“ಏನು ಮಾವ?”

“ನಿಮಗೂ ಅದೇ ಕಷ್ಟ ಅಂತ! ನನಗೆ ನಲವತ್ತು ವರ್ಷದಿಂದ ಇದೆ. ರಾತ್ರಿ ಒಂದು ಚಮಚ ಆ ಎಣ್ಣೆ ಕುಡೀದಿದ್ರೆ ಮಾರನೇ ದಿನ ನಾನು ಮನುಷ್ಯನೇ ಅಲ್ಲ. ಬರುವಾಗ ಅಂಗಡಿಗೆ ಹೋದೆ. ಪೇಟೇಲೆಲ್ಲೂ ಒಂದು ಹನಿಯಿಲ್ಲ, ಇನ್ನು ಹತ್ತು ದಿನ ಬರೋದೂ ಇಲ್ಲ, ಎಲ್ಲಾ ನಕ್ಷೆಯವರು ಒಯ್ದರು ಅಂದ. ಕೋಪ ಬರ್ಬೇಕಿತ್ತು. ಬರಲಿಲ್ಲ, ಕಣ್ಣಲ್ಲಿ ನೀರು ಬಂತು.”

ಹೆಂಡತಿ ಬೆಪ್ಪಾಗಿ ಕೇಳಿದಳು: “ಅಪ್ಪಾ, ಆ ಎಣ್ಣೆ ಗಡಿಯಾರಕ್ಕೆ ಅಂತಿದ್ರಲ್ಲಾ?”

“ಗಡಿಯಾರ ಎಣ್ಣೆ ಕುಡಿಯುತ್ತೇನೇ ಹುಚ್ಚೀ?” ಅಂದರು ಮಾವ. “ಅಳಿಯಂದಿರೇ, ಒಂದೇ ಒಂದು ಚಮಚ ಕೊಡಿ.”

ನಕ್ಷೆ ಮೆಲ್ಲಗೆ ತೊಟ್ಟಿಯ ಕಡೆ ಕೈ ತೋರಿಸಿದ. “ಎಲ್ಲಾ ಅದಕ್ಕೆ ಹಾಕಿಬಿಟ್ಟೆ, ಮಾವ. ಕಂಪ್ಯೂಟರಿಗೆ.”

ಮಾವ ಬಗ್ಗಿ ನೋಡಿದರು. ಹಸಿರು ದೀಪ, ಗುಳ್ಳೆಗಳು, ಮೆಲ್ಲನೆ ತಿರುಗುವ ರೆಕ್ಕೆ. ನರ್ಸಮ್ಮ ಅವರ ಮನಸ್ಸಿನಲ್ಲಿದ್ದದ್ದನ್ನು ಓದಿದವರಂತೆ, “ಅದನ್ನ ತುಟಿಗೂ ಸೋಕಿಸಬಾರದು, ಹೇಳಿದ್ದೀನಿ!” ಅಂತ ಗದರಿದರು.

“ಅದು ಮೊದಲು ತುಂಬ ಕೂಗ್ತಿತ್ತು, ಮಾವ. ಈಗ ನೋಡಿ, ಸುಮ್ಮನಾಗಿದೆ.”

“ಹೂಂ” ಅಂದರು ಮಾವ, ನಿಟ್ಟುಸಿರಿಟ್ಟು. “ಅದಕ್ಕಂತೂ ಸರಾಗ ಆಯ್ತು.”

ಆಮೇಲೆ ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಯಿ ತಂದು, “ಕಂಪ್ಯೂಟರಿಗೆ ಅಂದ್ರಲ್ಲ, ನೆಪ ಚೆನ್ನಾಗಿದೆ. ನನ್ನ ಗಡಿಯಾರಕ್ಕಿಂತ ಎಷ್ಟೋ ವಾಸಿ. ಇಷ್ಟೆಲ್ಲ ಮಾಡಿ ತೋರಿಸಿದ್ದೀರಿ ಬೇರೆ. ನನ್ನೆದುರು ಸಂಕೋಚ ಬೇಡ” ಅಂದರು.

“ಇಲ್ಲ ಮಾವ, ನಿಜವಾಗಲೂ...”

“ಬಿಡಿ, ಬಿಡಿ. ಎಣ್ಣೆ ಇಲ್ಲದಿದ್ರೆ ನಡಿಗೆ ಅಂತ ಡಾಕ್ಟ್ರು ಆಗಲೇ ಹೇಳಿದ್ದಾರೆ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಬಿರಬಿರನೆ. ಒಬ್ಬನೇ ನಡಿಯೋಕೆ ಬೇಜಾರು ಅಂತ ಎಣ್ಣೆಗೆ ಬಿದ್ದಿದ್ದೆ. ಈಗ ನೀವಿದ್ದೀರಲ್ಲ! ಇಬ್ಬರಿಗೂ ಒಳ್ಳೇದು.”

“ನನಗೆ ಕೆಲಸ ಇದೆ ಮಾವ, ನಾಳೆ ಹತ್ತಕ್ಕೆ ಗಿರಾಕಿ...”

“ಹೋಗಿ ಬನ್ನಿ” ಅಂದಳು ಹೆಂಡತಿ. ಅವಳ ಕಣ್ಣು ಬಾಲ್ಕನಿಯ ನೆಲದ ಮೇಲೆ ಚೆಲ್ಲಾಡಿ ಬಿದ್ದಿದ್ದ ಆಲೂಗಡ್ಡೆಗಳ ಮೇಲಿತ್ತು. “ಎಣ್ಣೆ ಖಾಲಿ ಮಾಡಿದೋರೇ ನಡೀಬೇಕು. ಹತ್ತು ದಿನ ತಾನೇ?”

ಮಾವ ಆಗಲೇ ಬೂಟಿನ ದಾರ ಬಿಗಿಯುತ್ತಿದ್ದರು. ಎಪ್ಪತ್ತೆರಡು ವರ್ಷದ ಆ ಮನುಷ್ಯ ಬೀದಿಗಿಳಿದದ್ದೇ ಅಂಚೆಯವನ ಹಾಗೆ ನಡೆದರು. ದಾರಿಯುದ್ದಕ್ಕೂ ತಮ್ಮ ಹೊಟ್ಟೆಯ ನಲವತ್ತು ವರ್ಷದ ಚರಿತ್ರೆಯನ್ನು ಮೊದಲ ದಿನದಿಂದ ಹೇಳಿದರು. ಔಷಧಿ ಅಂಗಡಿಯವನು ಇಬ್ಬರನ್ನೂ ನೋಡಿ ಹೊರಗೆ ಬಂದು, ‘ಭೇಷ್’ ಅನ್ನುವಂತೆ ಹೆಬ್ಬೆರಳು ಎತ್ತಿದ. ನಕ್ಷೆ ತಲೆ ಬಗ್ಗಿಸಿಕೊಂಡು ಓಡೋಡಿ ಹಿಂಬಾಲಿಸಿದ. ಎರಡು ಗಂಟೆಯಲ್ಲಿ ಅವನು ಆ ಊರಿನಲ್ಲಿ ಇವೆಯೆಂದು ಕೇಳಿಯೂ ಇರದ ಬೀದಿಗಳನ್ನೆಲ್ಲ ಕಂಡ.

ಏಳೂವರೆಗೆ ಮನೆಗೆ ಬಂದಾಗ ಮಾವ ಶಿಳ್ಳೆ ಹಾಕುತ್ತ ಸ್ನಾನಕ್ಕೆ ಹೋದರು. ನಕ್ಷೆ ಹೊರಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತ. ಮುಖ ಕೆಂಡವಾಗಿತ್ತು, ತಲೆಯಿಂದ ಹಬೆ ಏಳುವುದೊಂದು ಬಾಕಿ. ಮಾವನ ಕೋಣೆಯಲ್ಲಿ ಹಾಸಿಗೆ ಹಾಸುತ್ತಿದ್ದ ಹೆಂಡತಿ ಥಟ್ಟನೆ ಕಿವಿ ನಿಮಿರಿಸಿದಳು. ತೊಟ್ಟಿಯ ಹತ್ತಿರ ಬಗ್ಗಿ ನೋಡಿದಳು. ಅದು ತಣ್ಣಗೆ, ಸದ್ದಿಲ್ಲದೆ ಮೂರಂತಸ್ತಿನ ಮನೆಗೆ ಬಿಸಿಲು ಬಳಿಯುತ್ತಿತ್ತು.

“ರೀ, ಮತ್ತೆ ಶುರುವಾಯ್ತು ನೋಡಿ ನಿಮ್ಮ ಕಂಪ್ಯೂಟರಿನ ಕೂಗು!” ಅಂತ ಒಳಗಿನಿಂದಲೇ ಕೂಗಿದಳು. “ಇಲ್ಲಿ ನೋಡಿದ್ರೆ ಸುಮ್ಮನಿದೆ. ಎಲ್ಲಿಂದ ಬರ್ತಿದೆ ಈ ಸದ್ದು?”

“ಅದಲ್ಲ ಕಣೇ” ಅಂದ ನಕ್ಷೆ, ಒಂದೊಂದು ಮಾತಿಗೂ ಗಿರಣಿಯ ಹಾಗೆ ಉಸಿರೆಳೆಯುತ್ತ. “ಇದು... ನಾನು.”